ಎಲ್ಲಿಂದ ಅಳೆದದ್ದು?

ಅವರು ದಯೆಯಿಲ್ಲದ ಮನುಷ್ಯ. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವಳು ಅಂಕ ಕೊಡುವ ಹಾಗೆ ಈ ಮಾತು ಹೇಳುತ್ತಿದ್ದೇನೆ: ಸತ್ಯಕ್ಕೆ ನೂರಕ್ಕೆ ನೂರು, ದಯೆಗೆ ಸೊನ್ನೆ. ಮೇಲೆ ಒರಟು, ಒಳಗೆ ಬೆಣ್ಣೆ ಎಂದು ಇಂಥವರ ಬಗ್ಗೆ ಹೇಳುವ ರೂಢಿಯೊಂದಿದೆ. ಅವರ ಹೆಂಡತಿ ಕೂಡ ಆ ಮಾತನ್ನು ಹೇಳಿದ್ದು ನಾನು ಕೇಳಿಲ್ಲ.

ಹೊಳೆಯ ಮಟ್ಟ ಓದುವುದು ಅವರ ಕೆಲಸ. ಸೇತುವೆಯ ಕಂಬಕ್ಕೆ ಬಿಗಿದ, ಅಡಿ ಅಂಗುಲಗಳ ಗೆರೆ ಎಳೆದ ಉದ್ದನೆಯ ಬಿಳಿ ಪಟ್ಟಿಗೆ ಗೇಜು ಎನ್ನುತ್ತಾರೆ. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ಆರಕ್ಕೆ ನೀರು ಯಾವ ಗೆರೆಯಲ್ಲಿದೆ ಎಂದು ನೋಡಿ ಬರೆದುಕೊಳ್ಳಬೇಕು. ಇದನ್ನು ಅವರು ಮೂವತ್ತನಾಲ್ಕು ವರ್ಷ ಮಾಡಿದರು. ಊರು ಅವರಿಗೆ ಅಂಗುಲಯ್ಯ ಎಂದು ಹೆಸರಿಟ್ಟಿತು. ತಾಯಿತಂದೆ ಇಟ್ಟ ಹೆಸರು ಸಂಬಳದ ಪುಸ್ತಕದಲ್ಲಿ ಮಾತ್ರ ಉಳಿಯಿತು. ನಾನು ಅಲ್ಲಿನ ಕಾಲೇಜಿನಲ್ಲಿ ಜಲವಿಜ್ಞಾನ ಕಲಿಸುತ್ತಿದ್ದಾಗ ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಅವರ ಬಳಿ ಕರೆದೊಯ್ಯುತ್ತಿದ್ದೆ. ಅವರು ಗೇಜಿನ ಮುಂದೆ ಮೊಣಕಾಲು ಬಗ್ಗಿಸಿ, ಕಣ್ಣನ್ನು ನೀರಿನ ಗೆರೆಯ ಸಮಕ್ಕೆ ತಂದು, ಆಮೇಲೆ ಓದುತ್ತಿದ್ದರು. ಮೇಲಿನಿಂದ ನೋಡಿದರೆ ಅರ್ಧ ಅಂಗುಲ ಮೋಸವಾಗುತ್ತದೆ ಎನ್ನುವುದು ಅವರ ಮೊದಲ ಪಾಠ. ಆ ಅಭ್ಯಾಸ ಮೈಗೆ ಹತ್ತಿಹೋಗಿತ್ತು. ಗೋಡೆಯ ಗಡಿಯಾರ ನೋಡಲು ಹಿಮ್ಮಡಿ ಎತ್ತುವರು, ಅಂಗಡಿಯ ತಕ್ಕಡಿ ನೋಡಲು ಕುಕ್ಕರಗಾಲಿನಲ್ಲಿ ಕೂರುವರು, ಮಕ್ಕಳೊಡನೆ ಮಾತಾಡುವಾಗ ಮೊಣಕಾಲೂರಿ ಅವರ ಎತ್ತರಕ್ಕೆ ಇಳಿಯುವರು. ಹೊಸದಾಗಿ ನೋಡಿದವರು ಅದನ್ನು ಮಕ್ಕಳ ಮೇಲಿನ ಅಕ್ಕರೆ ಎಂದುಕೊಂಡು ಮೆಚ್ಚಿಕೊಳ್ಳುತ್ತಿದ್ದರು.

ಬೇಸಿಗೆ ಚಳಿ ಎನ್ನದೆ ಕಂದು ಕೋಟು. ಒಳಜೇಬನ್ನು ಬಿಚ್ಚಿಸಿ, ದಾಖಲೆ ಪುಸ್ತಕ ಹಿಡಿಸುವಷ್ಟು ದೊಡ್ಡದಾಗಿ ಹೊಲಿಸಿಕೊಂಡಿದ್ದರಿಂದ ಎದೆಯ ಒಂದು ಪಕ್ಕ ಸದಾ ಉಬ್ಬಿರುತ್ತಿತ್ತು, ನಡಿಗೆ ಆ ಪಕ್ಕಕ್ಕೆ ತುಸು ವಾಲುತ್ತಿತ್ತು. ಯಾವ ಪ್ರಶ್ನೆ ಕೇಳಿದರೂ ಉತ್ತರಕ್ಕೆ ಮೊದಲು ಅವರದೊಂದು ಮರುಪ್ರಶ್ನೆ: "ಎಲ್ಲಿಂದ?" ನಿಲ್ದಾಣ ಎಷ್ಟು ದೂರ ಎಂದರೆ, ಎಲ್ಲಿಂದ? ಮೊಮ್ಮಗ ಎಷ್ಟೆತ್ತರ ಬೆಳೆದ ಎಂದರೆ, ಎಲ್ಲಿಂದ, ಚಪ್ಪಲಿಯಿಂದಲೋ ಪಾದದಿಂದಲೋ? ನೆರೆಹೊರೆಯವರು ಅವರ ಬಳಿ ಕುಶಲ ವಿಚಾರಿಸುವುದನ್ನೇ ಬಿಟ್ಟಿದ್ದರು.

ಮಗಳು ಹುಟ್ಟುವ ದಿನ ಆಸ್ಪತ್ರೆಯಿಂದ ಆಳು ಓಡಿಬಂದಾಗ ಒಂದು ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತಂತೆ. ಇವರು ಹತ್ತು ನಿಮಿಷ ಕಾದು, ಓದಿ, ಬರೆದು, ಸಹಿ ಹಾಕಿ ಹೊರಟರು. "ಮಗು ಹುಟ್ಟಿದ್ದು ಹನ್ನೆರಡೂಮುಕ್ಕಾಲಿಗೆ, ಅಪ್ಪ ಹುಟ್ಟಿದ್ದು ಒಂದೂಕಾಲಿಗೆ" ಎಂದು ಅವರ ಹೆಂಡತಿ ನನ್ನೆದುರು ನಗದೆ ಹೇಳಿದ್ದರು. ಆಕೆಯ ಸ್ವಂತ ತಮ್ಮ ಇವರ ಕೈಕೆಳಗೆ ಸಹಾಯಕನಾಗಿದ್ದ. ಒಂದು ಬೆಳಿಗ್ಗೆ ಹಾಸಿಗೆಯಲ್ಲೇ ಮಲಗಿ ಅಂದಾಜಿನ ಅಂಕಿ ಬರೆದ. ಅಂದಾಜು ಅರ್ಧ ಅಂಗುಲವಷ್ಟೇ ತಪ್ಪಿತ್ತು. ಇವರು ವರದಿ ಕಳಿಸಿದರು, ಬಾಮೈದನ ಕೆಲಸ ಹೋಯಿತು, ಎರಡು ವರ್ಷ ಮನೆಯಲ್ಲಿ ಇವರಿಗೆ ಮಾತಿಲ್ಲದ ಊಟ. ಮುದುಕ ಅಂಬಿಗನೊಬ್ಬ ಸತ್ತಾಗ ಸಂಬಂಧಿಕರು ಹೆಣದ ಮುಂದೆ ಕೂತು, ಅಂಥ ಮಹಾಪೂರದಲ್ಲಿ, ಇಪ್ಪತ್ತಡಿ ನೀರಿನಲ್ಲಿ ದೋಣಿ ದಾಟಿಸಿದ ಧೀರ ಎಂದು ಅಳುತ್ತಿದ್ದರೆ ಇವರು ಮೆಲ್ಲಗೆ, "ಹದಿನಾರಡಿ ನಾಲ್ಕಂಗುಲ" ಎಂದರಂತೆ.

ಇಂಥವರಿದ್ದ ಊರಿಗೆ ಅಣೆಕಟ್ಟಿನ ಮಾತು ಬಂತು. ಹೊಳೆಯ ಮೇಲ್ಭಾಗದಲ್ಲಿ, ಕಣಿವೆ ಕಿರಿದಾಗುವಲ್ಲಿ, ಮುನ್ನೂರಡಿಯ ಗೋಡೆ. ಕೆಳಗೆ ಮೂರು ಯಂತ್ರಗಳ ವಿದ್ಯುದಾಗಾರ. ಗೋಡೆಯ ಹಿಂದೆ ಹನ್ನೊಂದು ಹಳ್ಳಿಗಳು ಮುಳುಗಡೆ. ಬೇಕೆನ್ನುವವರು ದುಷ್ಟರಾಗಿರಲಿಲ್ಲ. ಕಾಗದದ ಕಾರ್ಖಾನೆ ವಿದ್ಯುತ್ತಿಲ್ಲದೆ ವಾರದಲ್ಲಿ ಮೂರು ದಿನ ಮುಚ್ಚಿರುತ್ತಿತ್ತು, ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ನಡುವೆ ದೀಪ ಹೋಗುತ್ತಿತ್ತು. ಬೇಡವೆನ್ನುವವರು ಮೂರ್ಖರೂ ಆಗಿರಲಿಲ್ಲ. ಊರು ಎರಡಾಯಿತು. ಕ್ಷೌರಿಕನೊಬ್ಬ ಜಗಳ ತಾಳಲಾರದೆ ತನ್ನ ಅಂಗಡಿಯ ಎರಡು ಕುರ್ಚಿಗಳಲ್ಲಿ ಒಂದನ್ನು ಬೇಕೆನ್ನುವವರಿಗೆ, ಇನ್ನೊಂದನ್ನು ಬೇಡವೆನ್ನುವವರಿಗೆ ಎಂದು ಗೊತ್ತುಮಾಡಿದ. ಅಂಗುಲಯ್ಯ ಅಂಗಡಿಗೆ ಬಂದಾಗ ಬೆಂಚಿನ ಮೇಲೆ ಕೂರಿಸಿ ಕ್ಷೌರ ಮಾಡಬೇಕಾಯಿತಂತೆ.

ಸಾರ್ವಜನಿಕ ವಿಚಾರಣೆಗೆ ಸರ್ಕಾರ ಮೂವರ ಮಂಡಳಿ ನೇಮಿಸಿ ನನ್ನನ್ನು ಅಧ್ಯಕ್ಷೆಯಾಗಿ ಕಳಿಸಿತು. ಈ ಊರಿನಲ್ಲಿ ನನಗೆ ಯಾರ ಯಾರ ಪರಿಚಯವಿದೆ ಎಂದು ಮೊದಲೇ ಬರೆದುಕೊಟ್ಟೆ. ಪಟ್ಟಿಯಲ್ಲಿ ಅವರ ಹೆಸರೂ ಇತ್ತು. ಪುರಭವನದಲ್ಲಿ ಮೂರು ದಿನ ಸಭೆ. ಮೊದಲ ದಿನ ಮಾತಾಡಿದವರಲ್ಲಿ ಒಬ್ಬರು ಎಪ್ಪತ್ತೆರಡು ವರ್ಷದ ಹೆಂಗಸು, ಅಂಗುಲಯ್ಯನವರ ಅಕ್ಕ. ಅವರ ಮನೆ ಮುಳುಗಡೆಯ ನಕ್ಷೆಯಲ್ಲಿ ಅತಿ ತಗ್ಗಿನಲ್ಲಿತ್ತು, ಮೊದಲು ಮುಳುಗುವುದು ಅದೇ. ತಮ್ಮನನ್ನು ಮಾತಾಡು ಎಂದು ಕೇಳಿಕೊಂಡರೆ ಅವನು ಒಪ್ಪಲಿಲ್ಲವೆಂದು ಆಕೆ ಸಭೆಯಲ್ಲೇ ದೂರಿದರು. "ನಿನ್ನ ಮನೆ ನನ್ನ ಅಳತೆಗೆ ಬರಲ್ಲ ಅಕ್ಕ, ಅಂದ. ಅವನ ಎದೆ ಸೀಳಿ ನೋಡಿ, ಒಳಗೆ ಅಡಿಪಟ್ಟಿ ಸಿಗುತ್ತೆ" ಎಂದರು. ಎರಡು ಪಕ್ಷದವರೂ ಸೇರಿ ನಕ್ಕದ್ದು ಆ ಮೂರು ದಿನಗಳಲ್ಲಿ ಅದೇ ಮೊದಲು.

ಅಂಗುಲಯ್ಯ ಆಗ ಸಭೆಯಲ್ಲಿರಲಿಲ್ಲ. ನಿವೃತ್ತರಾಗಿ ಒಂದು ವರ್ಷವಾಗಿತ್ತು. ಊರಿನ ಗ್ರಂಥಾಲಯದಲ್ಲಿ ಸಾರ್ವಜನಿಕರು ನೋಡಲೆಂದು ಇಟ್ಟಿದ್ದ ಯೋಜನಾ ವರದಿಯ ನಾನೂರ ಹನ್ನೆರಡು ಪುಟಗಳನ್ನು ಅವರು ನಿಂತೇ ಓದುತ್ತಿದ್ದರು. ಆ ವರದಿ ಓದಿದವರು ಇಡೀ ಊರಿನಲ್ಲಿ ಅವರೊಬ್ಬರೇ ಎಂದು ಗ್ರಂಥಪಾಲಕ ಆಮೇಲೆ ಹೇಳಿದ.

ಮೂರನೆಯ ದಿನ ಅಣೆಕಟ್ಟು ಕಟ್ಟಲಿದ್ದ ಕಂಪನಿಯ ಮುಖ್ಯ ಇಂಜಿನಿಯರು ಗೋಡೆಗೆ ನಕ್ಷೆ ತೂಗುಹಾಕಿ, ಬೇಸಿಗೆಯಲ್ಲೂ ಹೊಳೆಯ ಮಟ್ಟ ಸರಾಸರಿ ನಾಲ್ಕಡಿ ಎರಡಂಗುಲ ಇರುತ್ತದೆ, ನೀರಿಗೆ ಬರವಿಲ್ಲ, ಮೂರು ಯಂತ್ರ ನಿರಾತಂಕವಾಗಿ ತಿರುಗುತ್ತವೆ ಎಂದು ವಿವರಿಸುತ್ತಿದ್ದರು. ಕೊನೆಯ ಸಾಲಿನಲ್ಲಿ ಕಂದು ಕೋಟು ಎದ್ದು ನಿಂತಿತು.

"ಎಲ್ಲಿಂದ?"

ಊರಿನವರೆಲ್ಲ ನಕ್ಕರು. ಮುಖ್ಯ ಇಂಜಿನಿಯರು ಹೊರಗಿನವರು. ಹೊಳೆಯಿಂದ, ಇನ್ನೆಲ್ಲಿಂದ ಎಂದರು.

"ಯಾವ ಸೊನ್ನೆಯಿಂದ ಅಂತ ಕೇಳ್ದೆ."

ಆಮೇಲೆ ಅವರು ಹೇಳಿದ್ದನ್ನು, ಅವರಷ್ಟು ಕಡಿಮೆ ಮಾತಿನಲ್ಲಿ ಆಗದಿದ್ದರೂ, ಇಲ್ಲಿ ಹೇಳುತ್ತೇನೆ. ಇಪ್ಪತ್ತೆರಡು ವರ್ಷದ ಹಿಂದೆ ಮಹಾಪೂರದಲ್ಲಿ ಹಳೆಯ ಗೇಜು ಕೊಚ್ಚಿಹೋಯಿತು. ಹೊಸ ಪಟ್ಟಿಯನ್ನು ಸೇತುವೆಯ ಕಂಬಕ್ಕೆ ಬಿಗಿಯುವಾಗ ಅದರ ಸೊನ್ನೆ ಹಳೆಯ ಸೊನ್ನೆಗಿಂತ ಒಂದು ಅಡಿ ಏಳು ಅಂಗುಲ ಕೆಳಗೆ ಕೂತಿತು. ಅಂದರೆ ಹೊಳೆಯಲ್ಲಿ ಅಷ್ಟೇ ನೀರಿದ್ದರೂ ಗೇಜು ಅಷ್ಟು ಹೆಚ್ಚು ತೋರಿಸುತ್ತದೆ. ಇಲಾಖೆಯ ಕೈಪಿಡಿಯ ನಿಯಮ ಸ್ಪಷ್ಟವಾಗಿದೆ, ಅವರು ಅದನ್ನು ಬಾಯಿಪಾಠ ಒಪ್ಪಿಸಿದರು: ಓದುವವನು ಕಣ್ಣಿಗೆ ಕಂಡ ಅಂಕಿಯನ್ನೇ ಬರೆಯತಕ್ಕದ್ದು, ತಾನಾಗಿ ಕೂಡಿಸಕೂಡದು, ಕಳೆಯಕೂಡದು, ವ್ಯತ್ಯಾಸವಿದ್ದರೆ ಷರಾ ಎಂಬ ಕೊನೆಯ ಅಂಕಣದಲ್ಲಿ ನಮೂದಿಸತಕ್ಕದ್ದು, ಕಳೆಯುವುದು ಕಚೇರಿಯ ಕೆಲಸ. ಇವರು ತಿಂಗಳು ತಪ್ಪದೆ ಷರಾ ಬರೆದರು: ಸೊನ್ನೆ ಒಂದಡಿ ಏಳಂಗುಲ ಕೆಳಗಿದೆ, ಕಳೆಯಿರಿ. ಕಚೇರಿಯಲ್ಲಿ ಆದದ್ದಿಷ್ಟೇ. ವರ್ಷದ ಕೊನೆಗೆ ಅಂಕಿಗಳನ್ನು ನಕಲು ಮಾಡುವ ಅಚ್ಚಿನ ನಮೂನೆಯಲ್ಲಿ ಷರಾ ಅಂಕಣವೇ ಇರಲಿಲ್ಲ. ಇಲ್ಲದ ಅಂಕಣಕ್ಕೆ ಯಾರೂ ಏನನ್ನೂ ಬರೆಯಲಿಲ್ಲ. ಹೀಗೆ ಇಪ್ಪತ್ತೆರಡು ವರ್ಷ ಆ ಹೊಳೆ ಕಾಗದದ ಮೇಲೆ ತನ್ನಲ್ಲಿಲ್ಲದ ನೀರನ್ನು ಹರಿಸಿತು, ಆ ನೀರನ್ನು ನಂಬಿ ಮುನ್ನೂರಡಿಯ ಗೋಡೆ ನಿಲ್ಲುವುದರಲ್ಲಿತ್ತು.

ಮುಖ್ಯ ಇಂಜಿನಿಯರು ಇದನ್ನು ಮುದುಕರ ನೆನಪು ಎಂದರು. ಹಳೆಯ ಸೊನ್ನೆಯ ಗುರುತು ದಡದ ಕಲ್ಲಿನಲ್ಲಿ ಕೆತ್ತಿದೆ, ಪೊದೆ ಬೆಳೆದಿದೆ, ಕಡಿದು ನೋಡಿ ಎಂದು ಇವರು ಕೂತುಬಿಟ್ಟರು. ನಾನು ಸಭೆಯನ್ನು ಹೊಳೆಯ ದಡಕ್ಕೆ ವರ್ಗಾಯಿಸಿದೆ.

ಪುರಭವನ ಖಾಲಿಯಾಗಿ ಸೇತುವೆ ತುಂಬಿತು. ಪೊದೆ ಕಡಿದರು, ಪಾಚಿ ಕೆರೆದರು, ಕಲ್ಲಿನಲ್ಲಿ ಗೆರೆ ಕಂಡಿತು. ಆ ಗೆರೆಗೂ ಗೇಜಿನ ಸೊನ್ನೆಗೂ ಇರುವ ಅಂತರ ತಿಳಿಯಲು ಮಟ್ಟ ನೋಡುವ ಯಂತ್ರ ಬೇಕು. ಅದು ಇದ್ದದ್ದು ಕಂಪನಿಯ ಬಳಿ ಮಾತ್ರ, ಅದನ್ನು ಬಳಸಬಲ್ಲವಳು ಅಲ್ಲಿದ್ದವರಲ್ಲಿ ಕಂಪನಿಯ ಕಿರಿಯ ಇಂಜಿನಿಯರು ಮಾತ್ರ. ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗದ ಹುಡುಗಿ. ವರದಿಯಲ್ಲಿ ನೀರಿನ ಅಧ್ಯಾಯ ಬರೆದವಳೂ ಅವಳೇ. ಮೂರು ಕಾಲಿನ ಮೇಲೆ ಯಂತ್ರ ನಿಲ್ಲಿಸಿ ಕಣ್ಣಿಟ್ಟು ನೋಡಿದಳು. ಬರೆದುಕೊಂಡಳು. ಮುಖ್ಯ ಇಂಜಿನಿಯರು ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ, ಇನ್ನೊಂದ್ಸಲ ನೋಡಮ್ಮ ಎಂದರು. ಹೇಗೆ ನೋಡಬೇಕು ಎಂಬುದು ಆ ದನಿಯಲ್ಲಿತ್ತು. ಅವಳು ಯಂತ್ರವನ್ನು ಬೇರೆ ಕಡೆ ನಿಲ್ಲಿಸಿ ಮತ್ತೆ ನೋಡಿದಳು. ಸೇತುವೆಯ ಮೇಲೆ ಅಷ್ಟು ಜನವಿದ್ದರೂ ನೀರು ಕಂಬಕ್ಕೆ ತಾಗುವ ಸದ್ದು ಕೇಳುತ್ತಿತ್ತು. ಅಂಗುಲಯ್ಯ ಅವಳ ಕಡೆಗೆ ನೋಡುತ್ತಲೇ ಇರಲಿಲ್ಲ. ಉತ್ತರ ಗೊತ್ತಿರುವವರಿಗೆ ಕಾಯುವ ಕಷ್ಟವಿರುವುದಿಲ್ಲ.

"ಒಂದು ಅಡಿ ಏಳು ಅಂಗುಲ, ಸರ್" ಎಂದಳು ಹುಡುಗಿ, ಎಲ್ಲರಿಗೂ ಕೇಳುವಂತೆ. "ಎರಡು ಸಲವೂ ಅಷ್ಟೇ."

ಆಗ ಎದ್ದ ಕೂಗನ್ನು ನಾನು ಮತ್ತೆಲ್ಲೂ ಕೇಳಿಲ್ಲ. ಹನ್ನೊಂದು ಹಳ್ಳಿಯವರು ಒಬ್ಬರನ್ನೊಬ್ಬರು ತಬ್ಬಿಕೊಂಡರು, ನಿಂತ ಲಾರಿಗಳವರು ಹಾರನ್ ಬಾರಿಸಿದರು, ತಲೆ ನರೆತ ಗಂಡಸರು ಕೈಯಲ್ಲಿದ್ದ ಟೋಪಿಗಳನ್ನು ಹೊಳೆಗೆ ಎಸೆದು ಆಮೇಲೆ ಅವುಗಳ ಹಿಂದೆ ದಡದುದ್ದಕ್ಕೂ ಓಡಿದರು. ಕಾರ್ಖಾನೆಯ ಮೇಸ್ತ್ರಿ, ಅಣೆಕಟ್ಟಿಗಾಗಿ ಮೂರು ದಿನ ಗಂಟಲು ಹರಿದುಕೊಂಡವನು, ಸೇತುವೆಯ ಕಂಬಿಗೆ ಒರಗಿ, "ಅಂದ್ರೆ ನೀರಿಲ್ಲದ ತೊಟ್ಟಿಗೆ ನಾವು ಜೈಕಾರ ಹಾಕ್ತಿದ್ವಾ?" ಎಂದು ಕೇಳಿ, ಉತ್ತರ ಬರುವ ಮೊದಲೇ ತಾನೇ ನಗತೊಡಗಿದ. ಅಕ್ಕ ಮಾತ್ರ ನಗಲಿಲ್ಲ, ಅಳಲಿಲ್ಲ. ಎದುರಾದವರನ್ನೆಲ್ಲ ತೋಳು ಹಿಡಿದು ನಿಲ್ಲಿಸಿ, ನನ್ನ ತಮ್ಮ ಕಣ್ರೀ ಎಂದು ತಿಳಿಸುತ್ತ ಸೇತುವೆಯ ಈ ತುದಿಯಿಂದ ಆ ತುದಿಗೆ ನಡೆದರು. ತಮ್ಮನನ್ನು ನಾಲ್ಕು ಜನ ಹೆಗಲ ಮೇಲೆ ಎತ್ತಿಕೊಂಡಿದ್ದರು. ಅವರು ಮೇಲಿನಿಂದ, ಕೋಟು ಹರಿಯುತ್ತೆ ಇಳಿಸಿ ಎಂದು ಗದರುತ್ತಿದ್ದರು.

ಸಂಜೆಯೊಳಗೆ ಮಂಡಳಿ ಲೆಕ್ಕವನ್ನು ಮರಳಿ ಹಾಕಿತು. ಮಟ್ಟ ಸ್ವಲ್ಪ ಇಳಿದರೂ ಹರಿವು ಬಹಳ ಇಳಿಯುತ್ತದೆ; ಬೇಸಿಗೆಯಲ್ಲಿ ಹರಿಯುವ ನೀರು ವರದಿಯಲ್ಲಿ ಹೇಳಿದ್ದರ ಅರ್ಧಕ್ಕೂ ಕಡಿಮೆ. ಜಲಾಶಯ ನಾಲ್ಕು ವರ್ಷಕ್ಕೊಮ್ಮೆ ತುಂಬಿದರೆ ಪುಣ್ಯ. ಮೂರು ಯಂತ್ರಗಳಲ್ಲಿ ಎರಡು ತುಕ್ಕು ಹಿಡಿಯಲೆಂದೇ ಬರುತ್ತವೆ. ಯೋಜನೆಯನ್ನು ಕೈಬಿಡಬೇಕು, ಗೋಡೆಯಿಲ್ಲದೆ ಒಂದು ಸಣ್ಣ ಯಂತ್ರ ತಿರುಗಿಸಿ ಕಾರ್ಖಾನೆಗೂ ಆಸ್ಪತ್ರೆಗೂ ವಿದ್ಯುತ್ ಕೊಡಬಹುದೇ ನೋಡಬೇಕು ಎಂದು ನಾವು ಮೂವರೂ ಒಮ್ಮತದಿಂದ ಬರೆದೆವು. ಭಾಷಣಗಳಿಂದ ಆಗದ್ದು, ಉಪವಾಸದಿಂದ ಆಗದ್ದು, ಕಣ್ಣೀರಿನಿಂದಂತೂ ಆಗದ್ದು ಹತ್ತೊಂಬತ್ತು ಅಂಗುಲದಿಂದ ಆಯಿತು. ಇಂಥ ಜನ ಯಾವ ಪಕ್ಷಕ್ಕೂ ಸೇರುವುದಿಲ್ಲ, ಯಾರ ಕಣ್ಣೀರನ್ನೂ ಒರೆಸುವುದಿಲ್ಲ. ಮನೆಯವರಿಗೆ ಅವರೊಂದು ಶಿಕ್ಷೆ. ಆದರೆ ಲೋಕ ತನ್ನ ಮೇಲೆ ತಾನೇ ಬೀಳದೆ ನಿಂತಿರುವುದು, ಎಲ್ಲೋ ಮೂಲೆಯಲ್ಲಿ ಇಂಥ ಒಬ್ಬರು ಕಂಡದ್ದನ್ನು ಕಂಡ ಹಾಗೆ ಬರೆದಿಟ್ಟಿರುವುದರಿಂದ.

ತೀರ್ಮಾನ ಓದಿದ ಮೇಲೆ ಕಂಪನಿಯ ವಕೀಲರು ಎದ್ದರು. ತಮ್ಮ ಕಡೆಯಿಂದ ಒಂದು ಹೇಳಿಕೆ ದಾಖಲಾಗಬೇಕು ಎಂದರು. ಇಲಾಖೆಯ ಅಂಕಿಗಳನ್ನು ಮೂಲದೊಡನೆ ತಾಳೆ ನೋಡದೆ ವರದಿಗೆ ಸೇರಿಸಿದ್ದು ಕಿರಿಯ ಇಂಜಿನಿಯರರ ಕರ್ತವ್ಯಲೋಪ, ಅದರ ಪೂರ್ಣ ಹೊಣೆ ಅವರದು, ಸಂಸ್ಥೆಯದಲ್ಲ. ಈ ಮಾತು ನಡಾವಳಿಯಲ್ಲಿ ನಿಂತರೆ ಆ ಹುಡುಗಿಗೆ ಮುಂದೆ ಯಾರೂ ಕೆಲಸ ಕೊಡುವುದಿಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅವಳು ಎದ್ದು ನಿಂತಳು. ನಿಮ್ಮ ಸಮಜಾಯಿಷಿ ಏನು ಎಂದು ಕೇಳಿದೆ. ಏನೂ ಇಲ್ಲ ಮೇಡಂ, ಎಂದಳು.

ಕೊನೆಯ ಸಾಲಿನಿಂದ ಅಂಗುಲಯ್ಯ ನಡೆದು ಬಂದರು. ನನ್ನ ಮೇಜಿನ ಮುಂದೆ ನಿಂತು, ಅವಳ ಕಡೆ ತಿರುಗದೆ ಮಾತಾಡಿದರು.

"ತಪ್ಪು ನಂದು ಮೇಡಂ. ಆ ಒಂದಡಿ ಏಳಂಗುಲಾನ ನಾನೇ ಕಳೆದು ಬರೀಬೇಕಾಗಿತ್ತು. ಬರೀಲಿಲ್ಲ. ಈ ಹುಡುಗಿಗೆ ಸಿಕ್ಕಿದ್ದು ನನ್ನ ತಪ್ಪು ಅಂಕಿ. ಹಾಗಂತ ಬರ್ಕೊಳ್ಳಿ."

ಇಲಾಖೆಯ ಕೈಪಿಡಿ ನನ್ನ ಮುಂದೆಯೇ ತೆರೆದಿತ್ತು, ಅವರು ಬೆಳಿಗ್ಗೆ ಬಾಯಿಪಾಠ ಒಪ್ಪಿಸಿದ ಪುಟದಲ್ಲೇ: ತಾನಾಗಿ ಕಳೆಯಕೂಡದು. ಅದು ಅವರಿಗೂ ಕಾಣುತ್ತಿತ್ತು. ನಡಾವಳಿ ಬರೆಯುವ ಗುಮಾಸ್ತ ಪೆನ್ನು ಎತ್ತಿ ಹಿಡಿದು, ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡಿದ.

ಬರೆದುಕೊಳ್ಳಿ, ಎಂದೆ.