ಉಪ್ಪು ಕುಡಿದ ಕಲ್ಲು

"ಏ ಸಾಬಾ, ಕಲ್ಲು ತಿರುವಾಕತ್ತೀಯೋ, ಕಲ್ಲಿನ ಮ್ಯಾಲ ಮಕ್ಕೊಂಡೀಯೋ?"

ಗುರುಲಿಂಗಪ್ಪ ಸಾವಕಾರರು ತೊಟ್ಟಿಯ ಅಂಚಿನಲ್ಲಿ ನಿಂತಿದ್ದರು. ಕೆಳಗೆ ಎದೆಮಟ್ಟದ ಸಿಮೆಂಟು ತೊಟ್ಟಿಯೊಳಗೆ ಅಲ್ಲಾಬಕ್ಷ ಬೂದುಹಸಿರು ಕಲ್ಲಿನ ಹರಳುಗಳನ್ನು ಸಲಿಕೆಯಿಂದ ಮೇಲೆಕೆಳಗೆ ಮಾಡುತ್ತಿದ್ದ.

"ಇವು ತುಂಬ್ಯಾವ್ರಿ ಸಾವ್ಕಾರ್ರ. ಇನ್ನ ಏನೂ ಹಿಡಿಯಂಗಿಲ್ಲ. ಎಲ್ಲಾ ತಗದು ಹೊಸಾವು ಹಾಕಬೇಕ್ರಿ."

"ನಿನ್ನ ಕೇಳಿದ್ನೇನು, ಸೂಳಿಮಗನ? ಮ್ಯಾಲ ನಾಕು ಬಟ್ಟು ದಪ್ಪ ಹೊಸಾ ಕಲ್ಲು ಹಾಸು. ತಳದಾಗ ಯಾವ ಸಾಹೇಬ ಕೈ ಹಾಕಿ ನೋಡ್ತಾನ? ನಾಳೆ ನೀರು ತಪಾಸಣಿ ಮಾಡಾಕ ಬರ್ತಾರ. ಯಾವಾಗಿನಂಗ ನಳಕ್ಕ ಬೋರಿನ ನೀರು ಬಿಡು, ಅವರ ಮುಂದ ಒಂದು ಗ್ಲಾಸ ಕುಡಿ, ಮೀಸಿ ವರಸ್ಕೊಂಡು ನಡಿ."

ಯಮಕನಮರಡಿ ದಾಟಿ ಹೆದ್ದಾರಿಯ ಬಾಜೂಕ್ಕಿದ್ದ ಆ ಕಾರ್ಖಾನೆಯಲ್ಲಿ ಬೋಲ್ಟು, ನಟ್ಟುಗಳಿಗೆ ಸತುವಿನ ಲೇಪ ಕೊಡುತ್ತಿದ್ದರು. ಉಳಿದ ಹೊಲಸು ನೀರು ಹಳ್ಳ ಸೇರುವ ಮೊದಲು ಈ ಕಲ್ಲುಗಳ ನಡುವೆ ಹಾಯಬೇಕು. ಚೀಲದ ಮೇಲೆ ಜಿಯೋಲೈಟ್ ಎಂದು ಬರೆದಿತ್ತು. ಮಣ್ಣಿನೊಳಗಿಂದ ಅಗೆದು ತೆಗೆದ ಕಲ್ಲೇ, ಆದರೆ ಒಳಗೆಲ್ಲ ಕಣ್ಣಿಗೆ ಕಾಣದ ತೂತು. ನೀರಿನಲ್ಲಿರುವ ಸತುವು ಆ ತೂತಿನೊಳಗೆ ಹೋಗಿ ಕೂರುತ್ತದೆ.

ಕಲ್ಲು ಹಾಕಿಸಲು ಬಂದಿದ್ದ ಎಂಜಿನಿಯರು ಎರಡು ದಿನ ಅಲ್ಲಾಬಕ್ಷನ ಜೊತೆ ತೊಟ್ಟಿಯಲ್ಲಿಳಿದು ಕೆಲಸ ಕಲಿಸಿದ್ದ. "ಕಾಕಾ, ಇದರ ಹೊಟ್ಟಿ ತುಂಬಿತಂದ್ರ ಉಪ್ಪುನೀರು ಕುಡಸ್ರಿ. ಉಪ್ಪು ಒಳಗ ಹೋತಂದ್ರ ಕಲ್ಲು ತಿಂದದ್ದೆಲ್ಲಾ ಕಕ್ಕತೈತಿ. ಕಕ್ಕಿದ ನೀರು ವಿಷ. ಹೊರಗ ಬಿಡಬ್ಯಾಡ್ರಿ."

ಕಕ್ಕಿದ ನೀರಿಗೆಂದು ಬೇರೆ ತೊಟ್ಟಿ ಕಟ್ಟಬೇಕಿತ್ತು. ಸಾವಕಾರರು ಕಟ್ಟಲಿಲ್ಲ. "ಕಲ್ಲಿಗೆ ಉಪ್ಪು ಹಾಕಿ ಊಟಕ್ಕ ಕರಿಯಾಕ ಅದೇನು ನಮ್ಮ ಅಳಿಯಾ?" ಎಂದು ನಕ್ಕಿದ್ದರು. ಉಪ್ಪಿನ ಚೀಲಗಳು ಶೆಡ್ಡಿನ ಮೂಲೆಯಲ್ಲಿ ಗಟ್ಟಿಗಟ್ಟಿ ಕೂತವು.

ಸಾವಕಾರರು ಅತ್ತ ಹೋದ ಮೇಲೆ ಕಸ ಹೊಡೆಯುವ ಗೌರವ್ವ ಬುಟ್ಟಿ ಹಿಡಿದು ಬಂದಳು. ಅವಳ ಮನೆ ಕೆಳಗೆ ಹಳ್ಳದ ದಂಡೆಯ ಕೇರಿಯಲ್ಲಿ.

"ಬಕ್ಷಣ್ಣಾ, ಇನ್ನೊಂದು ಬುಟ್ಟಿ ಹಳೇ ಕಲ್ಲು ಕೊಡು. ಎಮ್ಮಿ ಅಂತೂ ಹೋತು. ಕುಡಿಯೋ ಕೊಡದಾಗಾದ್ರೂ ಹಾಕ್ತೀನಿ. ಹಳ್ಳದ ನೀರು ಬಾಯಿಗೆ ಇಡಾಕ ಬರವಲ್ದು."

"ಬ್ಯಾಡ ಗೌರವ್ವ."

"ಯಾಕ? ಹೋದ ಸಲ ಕೊಟ್ಟಿದ್ದೆಲ್ಲ?"

"ಬ್ಯಾಡ ಅಂದ್ನೆಲ್ಲ."

"ಆತು ಬಿಡಪಾ. ನಮ್ಮ ಕೊಡಕ್ಕ ನಿಮ್ಮ ಕಲ್ಲು ಮುಟ್ಟಿದ್ರ ಕಲ್ಲಿಗೆ ಮೈಲಿಗಿ ಆಗತೈತಿ. ನೀನೂ ಅವರ ಪೈಕಿನ ಆದಿ."

ಅವಳು ಖಾಲಿ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಹೋದಳು. ಅಲ್ಲಾಬಕ್ಷ ಮತ್ತೆ ಸಲಿಕೆ ಹಿಡಿದ.

ಆ ಮೊದಲ ಬುಟ್ಟಿಯನ್ನು ಅವನೇ ತಲೆಯ ಮೇಲೆ ಹೊತ್ತು ಅವಳ ಮನೆಗೆ ಮುಟ್ಟಿಸಿದ್ದ. ಕೇರಿಯ ಹೆಂಗಸರೆಲ್ಲ ಸುತ್ತ ನಿಂತಿದ್ದರು. "ಇದು ನೀರು ಸ್ವಚ್ಛ ಮಾಡೋ ಕಲ್ಲು, ಎಮ್ಮಿ ಬಾನಿಯೊಳಗ ಹಾಕ್ರಿ" ಎಂದು ದೊಡ್ಡ ಹಕೀಮನಂತೆ ಹೇಳಿದ್ದ. ಐವತ್ತು ವರ್ಷದ ಬಾಳಿನಲ್ಲಿ ಜನ ಅವನ ಮಾತನ್ನು ಅಷ್ಟು ಕಿವಿಗೊಟ್ಟು ಕೇಳಿದ್ದು ಅದೊಂದೇ ದಿನ. ಎಂಜಿನಿಯರು ಹೇಳಿದ್ದು ಆ ಖುಷಿಯಲ್ಲಿ ನೆನಪಾಗಲೇ ಇಲ್ಲ.

ಗಬ್ಬದ ಎಮ್ಮೆ ತಿಂಗಳೊಪ್ಪತ್ತಿನಲ್ಲಿ ಸೊರಗಿ ಸತ್ತಿತು. ಮಾತಾಡಿಸಲು ಹೋದವನು ಬಾನಿಯೊಳಗೆ ಬಗ್ಗಿ ನೋಡಿದ. ತಳದಲ್ಲಿ ಕಲ್ಲು, ಅಂಚಿಗೆ ಬೆಳ್ಳಗೆ ಕಟ್ಟಿದ ಉಪ್ಪು. ಎಮ್ಮೆ ಚೆನ್ನಾಗಿ ಕುಡಿಯಲಿ ಎಂದು ಗೌರವ್ವ ದಿನಾ ಮುಸುರೆಗೆ ಒಂದು ಹಿಡಿ ಉಪ್ಪು ಹಾಕುತ್ತಿದ್ದಳು. ಎಲ್ಲರೂ ಹಾಕುತ್ತಾರೆ. ಎಂಜಿನಿಯರು ಹೇಳಿದ್ದು ಅವನಿಗೆ ಆಗ ನೆನಪಾಯಿತು. "ಹುಕ್ಕೇರಿ ಡಾಕ್ಟರು ಹೊಟ್ಟಿಗೆ ಏನೋ ಸೇರೈತಿ ಅಂದ್ರು" ಎಂದು ಅವಳು ಅಳುತ್ತಿದ್ದಾಗ ಇವನು ತಲೆಯಾಡಿಸಿ ಎದ್ದು ಬಂದಿದ್ದ.

ಗೌರವ್ವ ಖಾಲಿ ಬುಟ್ಟಿಯೊಂದಿಗೆ ಹೋದ ಆ ಸಂಜೆ ಸುಲ್ತಾನಾಬಿ ಗಂಡನ ತಾಟು ನೋಡಿದಳು. "ಎಂಟು ದಿನಾತು, ಉಪ್ಪು ಬಡಿಸಿದ್ರ ಬಾಜೂಕ್ಕ ಸರಸ್ತೀರಿ. ಏನಾಗೇತಿ?"

ಅವನು ಹೇಳಿದ. ಅವಳು ಕೈಯಲ್ಲಿದ್ದ ರೊಟ್ಟಿಯನ್ನು ಬುಟ್ಟಿಗೆ ಹಾಕಿ ಮುಚ್ಚಿದಳು.

"ಹೋಗಿ ಹೇಳ್ರಿ."

"ಬೈತಾಳ."

"ಬೈಸ್ಕೋರಿ. ನಾಳೆ ಆಕಿ ಬ್ಯಾರೆ ಯಾರ ಕಡಿಂದಾದ್ರೂ ಕಲ್ಲು ತಂದು ಕೊಡದಾಗ ಹಾಕಿದ್ರ?"

ಮರುದಿನ ಅವನು ಎಲ್ಲರಿಗಿಂತ ಮೊದಲು ಕಾರ್ಖಾನೆಗೆ ಬಂದ. ಹಳ್ಳದ ಕಡೆಯ ಪೈಪಿನ ಬಾಯಿಗೆ ಗೋಣಿ ತುರುಕಿ ಮಣ್ಣು ಬಡಿದ. ಮೂಲೆಯ ಉಪ್ಪನ್ನು ಹಾರೆಯಿಂದ ಒಡೆದು ನೀರಿಗೆ ಕಲಸಿ, ಕೊಡ ಕೊಡ ಹೊತ್ತು ಕಲ್ಲಿನ ಮೇಲೆ ಸುರಿದ. ನಳಕ್ಕೆ ಬೋರಿನ ನೀರು ಬಿಡಲಿಲ್ಲ.

ಹನ್ನೊಂದಕ್ಕೆ ಸಾಹೇಬರು ಬಂದರು. ತೊಟ್ಟಿಯ ನಳದ ಹತ್ತಿರ ಮೇಜು, ಮೇಜಿನ ಮೇಲೆ ಬಿಸ್ಕಿಟು, ಗ್ಲಾಸು. ಸಾಹೇಬರು ನಳದಿಂದ ಬಾಟ್ಲಿ ತುಂಬಿಸಿ ಬೆಳಕಿಗೆ ಹಿಡಿದರು.

"ಚಲೋ ತಿಳಿ ಐತಲ್ರಿ."

"ನಮ್ಮ ಮಂದಿ ಕುಡಿಯೋ ನೀರ್ರಿ ಇದು" ಎಂದರು ಗುರುಲಿಂಗಪ್ಪ. "ಕುಡದು ತೋರಸೋ ಸಾಬಾ."

ಅಲ್ಲಾಬಕ್ಷ ಗ್ಲಾಸು ತುಂಬಿಸಿ ಸಾವಕಾರರ ಮುಂದೆ ಇಟ್ಟ.

"ಇವತ್ತು ಬೋರಿನ ನೀರು ಬಿಟ್ಟಿಲ್ರಿ. ಕಲ್ಲಿಗೆ ಉಪ್ಪು ಕುಡಿಸೇನಿ. ಇಷ್ಟು ದಿನಾ ತಿಂದದ್ದು ಇದರೊಳಗ ಐತಿ. ಸಾಹೇಬ್ರ, ಬಾಟ್ಲಿ ಬಾಯಿ ಮುಚ್ಚಿ ಸೀಲ್ ಹಾಕ್ಕೋರಿ."

"ಲೇ ಹಲ್ಕಟ್—"

ಅವನು ಸಾವಕಾರರತ್ತ ನೋಡಲಿಲ್ಲ. ಬಾಗಿಲ ಹತ್ತಿರ ಕಸಬಾರಿಗೆ ಹಿಡಿದು ನಿಂತ ಗೌರವ್ವನತ್ತ ತಿರುಗಿದ.

"ಗೌರವ್ವ, ನಿನ್ನ ಎಮ್ಮಿ ಕೊಂದಾಂವ ನಾನು. ಆ ಕಲ್ಲು ತುಂಬಿದ್ವು. ನೀ ಹಾಕಿದ ಉಪ್ಪಿಗೆ ಕಕ್ಯಾವು. ಉಪ್ಪಿನ ಮಾತು ನನಗ ಗೊತ್ತಿತ್ತು. ನಿನಗ ಹೇಳಲಿಲ್ಲ. ಎಮ್ಮಿ ಸತ್ತ ಮ್ಯಾಲೂ ಹೇಳಲಿಲ್ಲ."

ಗೌರವ್ವ ಬಾರಿಗೆ ಗೋಡೆಗೆ ಒರಗಿಸಿ ಮೇಜಿನ ಬಳಿ ಬಂದಳು. ಸಾಹೇಬರಿಗೆಂದು ಇಟ್ಟ ಗಾಜಿನ ಗ್ಲಾಸೊಂದನ್ನು ಕೇಳದೇ ಎತ್ತಿಕೊಂಡು ನಳಕ್ಕೆ ಹಿಡಿದಳು. ತುಂಬಿದ ಗ್ಲಾಸನ್ನು ಮೊದಲನೆಯದರ ಪಕ್ಕಕ್ಕೆ ಇಟ್ಟಳು.

"ಅದು ಸಾವ್ಕಾರ್ರಿಗೆ," ಎಂದಳು. "ಇದು ನಿನಗ."

ಅಲ್ಲಾಬಕ್ಷ ತನ್ನ ಗ್ಲಾಸು ಕೈಗೆತ್ತಿಕೊಂಡ. ನೀರು ಆಚೆಗಿನ ಅವನ ಬೆರಳುಗಳ ಗೆರೆಯೂ ಕಾಣುವಷ್ಟು ತಿಳಿಯಾಗಿತ್ತು. ಗೌರವ್ವ ಅವನನ್ನು ನೋಡುತ್ತಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಇನ್ನೊಂದು ಗ್ಲಾಸಿನ ಮೇಲೆ ಕಣ್ಣಿಟ್ಟು, ಸಾವಕಾರರ ಎದುರು ಕಾಯುತ್ತ ನಿಂತಿದ್ದಳು.