ಶಾಗ್ಯಕ್ಕೆ ಹೋದ ತೆಪ್ಪ

ಶಾಗ್ಯದಲ್ಲಿ ಹೊಳೆಯಿಲ್ಲ. ಅಂಥ ಊರಿಗೆ ಸತ್ತೇಗಾಲದಿಂದ ಲಗೇಜ್ ಆಟೋದಲ್ಲಿ ತೆಪ್ಪ ಸಾಗಿಸಿದ ಮಹಾನುಭಾವ ನಾನೊಬ್ಬನೇ ಇರಬೇಕು. ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ದಾಟುವಾಗ ಯಾವನೋ ಕೂಗಿಯೇಬಿಟ್ಟ.

"ಏನ್ ಸಾ, ಮಾದಪ್ಪನ ಬೆಟ್ಟುಕ್ಕೆ ತೇಲ್ಕಂಡು ಓಯ್ತಿದ್ದೀರಾ?"

ನಾನೂ ನಕ್ಕೆ. ನಗುವವರು ನಗಲಿ, ನನ್ನ ಹೆಂಡತಿಯ ಬುದ್ಧಿ ಇವರಿಗೇನು ಗೊತ್ತು ಅಂದುಕೊಂಡೆ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಆಷಾಢದಲ್ಲಿ ಮೇಲಿನ ಅಣೆಕಟ್ಟೆಗಳಿಂದ ನೀರು ಬಿಟ್ಟರೆ ಹೊಳೆ ನಮ್ಮ ಮಾತು ಕೇಳುವುದಿಲ್ಲ. ದಸರೆ ಕಳೆಯುವವರೆಗೆ ತೆಪ್ಪವನ್ನು ದಡದ ಮೇಲೆ ಎಲ್ಲಾದರೂ ಕವುಚಿ ಇಡಬೇಕು. ಎಲ್ಲಿ ಅನ್ನುವುದೇ ಪ್ರತಿವರ್ಷದ ತಲೆನೋವು. ಹೋದ ವರ್ಷ ನಮ್ಮ ಅಂಗಳಕ್ಕೇ ನೀರು ನುಗ್ಗಿ, ತಳಕ್ಕೆ ಬಳಿದ ಟಾರು ಕಿತ್ತುಹೋಗಿ, ಬಿದಿರಿನ ದಬ್ಬೆಗಳು ಮುಗ್ಗಲು ಹಿಡಿದಿದ್ದವು. ಶಾಲೆಯ ಜಗಲಿಯಲ್ಲಿಟ್ಟರೆ ಮಕ್ಕಳು ಹತ್ತಿ ಕುಣಿಯುತ್ತಾರೆ. ಮುತ್ತಯ್ಯನ ಕೊಟ್ಟಿಗೆ ಎತ್ತರದಲ್ಲಿದೆ. ಅವನು ಮೂವತ್ತೆರಡು ವರ್ಷ ನನ್ನ ಪಕ್ಕದಲ್ಲಿ ಹುಟ್ಟು ಹಾಕಿದವನು, ನನ್ನ ಮದುವೆಯಲ್ಲಿ ಬಡಿಸಿದವನು. ಅಲ್ಲೇ ಇಡೋಣವೆಂದು ಹೋದೆ.

"ಬ್ಯಾಡ ಕಣ್ಲಾ ಸಿದ್ದಾ. ನನ್ ಕೊಟ್ಗೇಲಿ ಇಲಿ ಕಾಟ. ಒಂದೇ ತಿಂಗ್ಳಿಗೆ ತೆಪ್ಪ ಜರಡಿ ಆಯ್ತದೆ," ಎಂದ.

ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿ ಯಶೋದಳ ಬಾಯಲ್ಲಿ ಉತ್ತರ ಸಿದ್ಧವಾಗಿಯೇ ಇತ್ತು.

"ಶಾಗ್ಯಕ್ಕೆ ಕಳ್ಸಿ. ನಿಮ್ಮಕ್ಕನ ಉಳದ ಮನೆ ಅದಲ್ಲ. ಸಿಮೆಂಟ್ ನೆಲ. ಇಲೀನೂ ಬರಲ್ಲ, ಗೆದ್ಲೂ ಬರಲ್ಲ."

ನಾನು ಎಡವಿದ್ದು ಇಲ್ಲೇ. ರೇಷ್ಮೆ ಹುಳಕ್ಕೆ ವಾಸನೆ ಆಗದು ಅನ್ನುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅಕ್ಕ ಪುಟ್ಟಗೌರಮ್ಮ ಹುಳದ ಮನೆಯ ಹತ್ತಿರ ಊದುಬತ್ತಿ ಹಚ್ಚಲೂ ಬಿಡುವುದಿಲ್ಲ, ಬೀಡಿ ಸೇದಿದವನನ್ನು ಬಾಗಿಲಲ್ಲೇ ನಿಲ್ಲಿಸಿ ಕೈ ತೊಳೆಸುತ್ತಾಳೆ. ಅಂಥವಳು ಟಾರು ಮೆತ್ತಿದ, ಮೀನು ನಾರುವ ತೆಪ್ಪಕ್ಕೆ, "ತಕಂಡ್ ಬಾ ಕಣಪ್ಪ, ಒಳಗೇ ಇಟ್ಕತೀನಿ," ಎಂದಳು. ನನಗೆ ಅನುಮಾನವೇ ಬರಲಿಲ್ಲ. ತಮ್ಮ ಅಂದರೆ ಇವಳಿಗೆ ಎಷ್ಟು ಪ್ರೀತಿ ಎಂದು ಕಣ್ಣು ಒರೆಸಿಕೊಂಡು, ತೆಪ್ಪವನ್ನು ಅವಳ ಅಂಗಳದಲ್ಲಿ ಇಳಿಸಿ ಬಂದೆ.

ನಮ್ಮ ದಡದಲ್ಲಿ ಜನರನ್ನು ತೆಪ್ಪದಲ್ಲಿ ಕೂರಿಸಿಕೊಂಡು ಹೋಗಲು ಹನ್ನೆರಡು ಸರದಿ. ಮಳೆಗಾಲ ಕಳೆದು ಹೊಳೆಗೆ ಪೂಜೆ ಮಾಡುವ ದಿನ ತನ್ನ ಸ್ವಂತ ತೆಪ್ಪವನ್ನು ದಡಕ್ಕೆ ತಂದವನಿಗೆ ಮಾತ್ರ ಆ ವರ್ಷದ ಸರದಿ. ತರದವನ ಜಾಗ ಕಾಯುತ್ತಿರುವ ಇನ್ನೊಬ್ಬನಿಗೆ. ಎರವಲು ತಂದದ್ದು ನಡೆಯುವುದಿಲ್ಲ. ಇದು ನಾವೇ ಮಾಡಿಕೊಂಡ ಕಟ್ಟಳೆ, ಮೇಜು ಗುದ್ದಿ ಮಾಡಿಸಿದವನೂ ನಾನೇ. ನನ್ನದು ಏಳನೆಯದು. ಹೊಲವಿಲ್ಲ, ಗದ್ದೆಯಿಲ್ಲ, ಐವತ್ತೆಂಟರಲ್ಲಿ ಇನ್ನೊಂದು ಕಸುಬು ಕಲಿಯುವವನೂ ನಾನಲ್ಲ. ಊರಲ್ಲಿ ದೊಡ್ಡಸಿದ್ದಯ್ಯ ಯಾರು ಎಂದು ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಏಳನೇ ನಂಬರ್ ಸಿದ್ದಯ್ಯ ಅಂದರೆ ಮನೆಯವರೆಗೆ ಬಂದು ತೋರಿಸುತ್ತಾರೆ.

ಪ್ರತಿ ಭಾನುವಾರ ಅಕ್ಕನಿಗೆ ಫೋನ್ ಮಾಡುತ್ತಿದ್ದೆ.

"ತೆಪ್ಪ ಹೆಂಗದೆ ಅಕ್ಕಾ?"

"ತೊಟ್ಲಲ್ಲಿ ಮಗ ಮಲ್ಗದಂಗೆ ಮಲ್ಗದೆ ಕಣಪ್ಪ. ನೀನು ಯೋಚ್ನೆ ಬುಡು."

ಯಶೋದ ಪಕ್ಕದಲ್ಲೇ ಸೊಪ್ಪು ಬಿಡಿಸುತ್ತ ಕೇಳಿಸಿಕೊಳ್ಳುತ್ತಿದ್ದಳು. ನಾನು ಟೀ ಅಂಗಡಿಯಲ್ಲಿ ಕೂತು ನನ್ನ ಹೆಂಡತಿ ಆರಿಸಿದ ಜಾಗವನ್ನು ಊರಿಗೆಲ್ಲ ಹೊಗಳುತ್ತಿದ್ದೆ. ಮುತ್ತಯ್ಯ ತಲೆಯಾಡಿಸುತ್ತಿದ್ದ.

ಪೂಜೆಗೆ ಎರಡು ದಿನ ಇರುವಾಗ ಆಟೋ ಮಾಡಿಕೊಂಡು ಶಾಗ್ಯಕ್ಕೆ ಹೋದೆ. ಹುಳದ ಮನೆಯಲ್ಲಿ ತಟ್ಟೆಗಳ ತುಂಬ ಹುಳ, ಮೂಲೆಯಲ್ಲಿ ಸೊಪ್ಪಿನ ರಾಶಿ. ತೆಪ್ಪವಿಲ್ಲ. ಹಿತ್ತಲಿಗೆ ಹೋದೆ. ಅಲ್ಲಿ ಹೀರೆಯ ಚಪ್ಪರ. ಚಪ್ಪರದ ದಬ್ಬೆಗಳು ನನ್ನ ಕೈಯಾರೆ ಸೀಳಿ ಬಾಗಿಸಿದವು, ನನ್ನ ಬೆರಳಿಗೆ ಗುರುತಿದ್ದವು. ತಳಕ್ಕೆ ಹೊಲಿದಿದ್ದ ಹೊದಿಕೆ ಸೌದೆಯ ಮೇಲೆ ಬಿದ್ದಿತ್ತು. ಅದರ ಮೇಲೆ ನಾನು ಬರೆದ ಏಳು ಅರ್ಧ ಕಾಣುತ್ತಿತ್ತು.

ಬಳ್ಳಿಯಲ್ಲಿ ಕಾಯಿ ಬಲಿತು, ಒಣಗಿ ನಾರಾಗಿತ್ತು. ನಿನ್ನೆ ಮೊನ್ನೆ ಹಬ್ಬಿದ ಬಳ್ಳಿಯಲ್ಲ. ನಾನು ಬಿಟ್ಟುಹೋದ ವಾರವೇ ಬಿಚ್ಚಿದ್ದಾರೆ. ಮೂರು ತಿಂಗಳು ಭಾನುವಾರ ಭಾನುವಾರ ಅಕ್ಕ ನನಗೆ ತೊಟ್ಟಿಲ ಕಥೆ ಹೇಳಿದ್ದಾಳೆ. ತಿರುಗಿ ಅಕ್ಕನನ್ನು ನೋಡಿದೆ.

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. "ನನ್ನ ಬಯ್ಯಬ್ಯಾಡ ಕಣಪ್ಪ. ನಿನ್ ಎಂಡ್ತಿನೇ ಏಳುದ್ದು. ಅದು ವಾಪಸ್ ಬಂದ್ರೆ ನನ್ ತಾಳಿ ಉಳಿಯಲ್ಲ ಅತ್ತಿಗೆ ಅಂತ ಕಾಲಿಡ್ಕಂಡು ಅತ್ಲು. ನಾನೇನ್ ಮಾಡ್ಲಿ?"

ಬರಿ ಆಟೋದಲ್ಲಿ ವಾಪಸ್ ಬಂದೆ. ಹೊಸ ತೆಪ್ಪ ಕಟ್ಟಲು ವಾರ ಬೇಕು, ನನ್ನ ಬಳಿ ಇದ್ದದ್ದು ಎರಡು ದಿನ. ಏಳನೆಯ ಸರದಿ ಹೋಯಿತು. ಮನೆ ಬಾಗಿಲಲ್ಲಿ ಯಶೋದ ನನ್ನ ಮುಖ ನೋಡಿದ ಕೂಡಲೇ ಎಲ್ಲ ತಿಳಿದುಕೊಂಡಳು.

"ಯಾಕೆ ಇಂಗ್ ಮಾಡ್ದೆ?" ಎಂದೆ.

"ಇನ್ನೇನ್ ಮಾಡ್ಲಿ? ಬ್ಯಾಸ್ಗೇಲಿ ನೀವು ನಡು ಒಳೇಲಿ ಬಿದ್ರಂತಲ್ಲ. ಮುತ್ತಯ್ಯಣ್ಣ ಜುಟ್ಟು ಇಡ್ದು ಎಳ್ಕಂಡ್ರಂತೆ. ಕೊಳ್ಳೇಗಾಲದ ಡಾಕ್ಟ್ರು ಇನ್ನೊಂದ್ಸತಿ ಆದ್ರೆ ಉಳಿಯಲ್ಲ ಅಂದ್ರಂತೆ. ತೆಪ್ಪ ದೂರ ಕಳ್ಸವ್ವ, ಅವ್ನಿಗೆ ಏಳ್ಬ್ಯಾಡ ಅಂತ ಮುತ್ತಯ್ಯಣ್ಣನೇ ಅಂದ್ರು."

"ಯಾವ ಡಾಕ್ಟ್ರು? ನಾನ್ಯಾವಾಗ ಬಿದ್ದೆ?"

ನನ್ನ ತಲೆಯಲ್ಲಿ ಹಿಡಿದು ಎಳೆಯುವಷ್ಟು ಕೂದಲಾದರೂ ಎಲ್ಲಿದೆ? ನಡೆದದ್ದು ಇಷ್ಟೇ. ಬೇಸಿಗೆಯಲ್ಲಿ ಒಂದು ದಿನ ಹೊಳೆಯ ನಡುವೆ ಎಡಗೈ ಮರಗಟ್ಟಿತು. ಬಲಗೈಯಲ್ಲೇ ಹುಟ್ಟು ಹಾಕಿ ಜನರನ್ನು ದಡ ಸೇರಿಸಿದೆ. ಒಂದು ಎಲೆಯಡಿಕೆ ಹಾಕಿಕೊಳ್ಳುವುದರೊಳಗೆ ಕೈ ಸರಿಹೋಯಿತು. ಹೇಳಿದ್ದು ಮುತ್ತಯ್ಯನೊಬ್ಬನಿಗೆ, ಅದೂ ಮಾದಪ್ಪನ ಮೇಲೆ ಆಣೆ ಹಾಕಿಸಿಕೊಂಡು.

ಯಶೋದ ನಂಬಲಿಲ್ಲ. "ಅವ್ರ್ಯಾಕೆ ಸುಳ್ಳೇಳ್ತರೆ? ಪಾಪ, ನಿಮ್ಮೇಲೆ ಪ್ರಾಣ ಮಡೀಕಂಡವ್ರೆ," ಎಂದಳು. ತೆಪ್ಪ ಮುರಿದಿದ್ದಕ್ಕಿಂತ ಆ ಮಾತು ನನ್ನನ್ನು ಮುರಿಯಿತು. ಮೂವತ್ತು ವರ್ಷ ಜೊತೆಗೆ ಉಂಡವಳು, ಬಿದ್ದೆಯಾ ಎಂದು ನನ್ನನ್ನು ಒಂದು ಮಾತು ಕೇಳಲಿಲ್ಲ. ಎರಡು ದಿನ ನಾನು ಅವಳ ಕೈಯಿಂದ ನೀರನ್ನೂ ಇಸಿದುಕೊಳ್ಳಲಿಲ್ಲ.

ಪೂಜೆಯ ದಿನ ಹೋಗಬಾರದೆಂದುಕೊಂಡೇ ದಡಕ್ಕೆ ಹೋದೆ. ಯಶೋದ ನಾಲ್ಕು ಮಾರು ಹಿಂದೆ ಬಂದಳು. ತೆಪ್ಪಗಳು ಸಾಲಾಗಿ ಕವುಚಿದ್ದವು, ಕುಂಕುಮ ಇಟ್ಟಾಗಿತ್ತು. ಎಣಿಸಿದೆ. ಏಳನೆಯ ಜಾಗ ಖಾಲಿಯಿರಲಿಲ್ಲ. ಹೊಸ ತೆಪ್ಪ, ಟಾರಿನ ಹೊಳಪು ಇನ್ನೂ ಆರಿರಲಿಲ್ಲ. ಅದರ ಪಕ್ಕ ಹೊಸ ಪಂಚೆ ಉಟ್ಟು ನಿಂತಿದ್ದವನು ಮಾದೇಶ್, ಮುತ್ತಯ್ಯನ ಅಳಿಯ. ಮೂರು ವರ್ಷದಿಂದ ಒಂದು ಸರದಿ ಯಾವಾಗ ಖಾಲಿಯಾದೀತೆಂದು ಕಾದವನು.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಮುತ್ತಯ್ಯ ನನ್ನ ಭುಜದ ಮೇಲೆ ಕೈಯಿಟ್ಟ.

"ಎಲ್ಲಾ ನಿನ್ ಒಳ್ಳೇದ್ಕೇ ಕಣ್ಲಾ ಸಿದ್ದಾ. ಟಿಕೆಟ್ ಅರ್ದ್ ಕೊಡೋ ಕೆಲ್ಸ ಕೊಡುಸ್ತೀನಿ, ನೆಳ್ಳಲ್ಲಿ ಕೂತ್ಕ."

ಅವನ ಕೈಯನ್ನು ತೆಗೆದುಹಾಕಿದೆ. ಮಾದಪ್ಪನ ಹೆಸರೆತ್ತಿ ಉಗಿಯಬೇಕೆಂದುಕೊಂಡೆ. ಹಿಂದೆ ತಿರುಗಿದರೆ ಯಶೋದ ಆ ಹೊಸ ತೆಪ್ಪವನ್ನು ನೋಡುತ್ತಿದ್ದಳು. ನೋಡನೋಡುತ್ತ ಅವಳ ಮುಖದ ರಕ್ತ ಇಳಿಯಿತು. ಎಲ್ಲ ಅವಳಿಗೆ ಅರ್ಥವಾಗುತ್ತಿತ್ತು. ಅಷ್ಟೆಲ್ಲ ಸಿಟ್ಟಿನ ನಡುವೆಯೂ ನನಗೆ ಪಾಪ ಅನ್ನಿಸಿತು.

ಮೆಟ್ಟಿಲ ಮೇಲೆ ಇಬ್ಬರೂ ಕೂತೆವು. ಕೆಳಗೆ ಮೊದಲ ತೆಪ್ಪ ನೀರಿಗೆ ಇಳಿಯಿತು. ಅವಳು ಕೇಳಿದಳು.

"ಕೈ ಮರಗಟ್ಟಿದ್ದು ಮಾತ್ರ ನಿಜ್ವಾ?"

"ನಿಜ. ಒಂದೇ ಸತಿ."

"ಅವ್ರಿಗೆ ಏಳುದ್ರಿ."

"ಊಂ."

"ನಂಗ್ಯಾಕೆ ಏಳ್ಲಿಲ್ಲ?"

ಬಯ್ಯಲು ಎರಡು ದಿನದಿಂದ ಕೂಡಿಟ್ಟ ಮಾತೆಲ್ಲ ನನ್ನ ಬಾಯಲ್ಲೇ ಇತ್ತು. ಅದನ್ನೆಲ್ಲ ನುಂಗಿ, ಎಡಗೈಯನ್ನು ಅವಳ ಮುಂದೆ ಚಾಚಿ, ಮರಗಟ್ಟಿದ್ದು ಎಲ್ಲಿಂದ ಎಲ್ಲಿಯವರೆಗೆ ಎಂದು ತೋರಿಸಿದೆ.