ತರಬೇತಿಯ ಊಟ

ಹಸಿ ಸೌದೆ. ಊದಿ ಊದಿ ಕಣ್ಣು ಕೆಂಡವಾಗಿತ್ತು. ಶಾಲೆಯ ಹಿಂದೆ ಮೂರು ಕಲ್ಲಿಟ್ಟು ನಾನೂ ನನ್ನ ಓರಗಿತ್ತಿಯೂ ದೊಡ್ಡ ಹಂಡೆಯಲ್ಲಿ ಅನ್ನಕ್ಕೆ ಇಟ್ಟಿದ್ದೆವು. ಒಳಗೆ ತರಬೇತಿ. ಕಾಡು ಉಳಿಸುವ ಯೋಜನೆಯಲ್ಲಿ ಊರಿನವರೂ ಪಾಲುದಾರರಾಗಬೇಕಂತೆ, ಅದನ್ನು ಕಲಿಸಲು ಸಾಹೇಬರು ಬಂದಿದ್ದರು. ಕುರ್ಚಿಯಲ್ಲಿ ಕೂತವರೆಲ್ಲ ಗಂಡಸರು. ದಿನಾ ಕಾಡಿಗೆ ಹೋಗುವ ನಮ್ಮನ್ನು ಕರೆದದ್ದು ಅಡುಗೆಗೆ.

ಕಿಟಕಿಯಿಂದ ಸಾಹೇಬರ ಮಾತು ಕೇಳುತ್ತಿತ್ತು.

“ದೂರದ ಕಂಪನಿಗಳು ಬಿಡೋ ಹೊಗೆನ ನಿಮ್ಮ ಕಾಡು ಹೀರ್ಕೊಳ್ಳುತ್ತೆ. ಅದಕ್ಕೆ ಅವ್ರು ಊರಿಗೆ ದುಡ್ಡು ಕೊಡ್ತಾರೆ. ಆದ್ರೆ ಕಾಡಿಂದ ಒಂದು ಒಣ ಕಡ್ಡಿನೂ ತರಬಾರ್ದು. ಒಪ್ಪಿಗೆನಾ?”

ಎಲ್ಲರಿಗಿಂತ ಮೊದಲು ಕೈ ಎತ್ತಿದವರು ನಮ್ಮ ಭಾವ, ಓರಗಿತ್ತಿಯ ಗಂಡ. ಕಾಡು ಸಮಿತಿಯ ಅಧ್ಯಕ್ಷರು. ಹುಟ್ಟಿದಾಗಿನಿಂದ ಒಂದು ಹೊರೆ ಸೌದೆ ಹೊತ್ತವರಲ್ಲ!

ನನ್ನ ಮೈ ಉರಿಯಿತು. ಸೌದೆ ಮಾರಿದರೆ ನಮ್ಮ ಮನೆಗೆ ಅಕ್ಕಿ. ಆ ಅಕ್ಕಿ ಬೇಯುವುದೂ ಸೌದೆಯಲ್ಲೇ. ಎರಡೂ ಹೋದರೆ ಮಕ್ಕಳ ಬಾಯಿಗೆ ಮಣ್ಣು ಹಾಕುವುದೇ?

“ಕೇಳಿಸ್ತಾ ಅಕ್ಕಾ? ಯಾವನೋ ಎಲ್ಲೋ ಹೊಗೆ ಬಿಡ್ತಾನಂತೆ, ನಮ್ಮ ಒಲೆ ಆರಬೇಕಂತೆ!”

ಅಕ್ಕ, ಅಂದರೆ ನನ್ನ ಓರಗಿತ್ತಿ, ಉರಿಯುತ್ತಿದ್ದ ಸೌದೆಗಳನ್ನು ಒಂದೊಂದಾಗಿ ಹೊರಗೆಳೆದು ಬಿಂದಿಗೆ ನೀರು ಸುರಿದಳು.

“ಅಯ್ಯೋ, ಅನ್ನ ಇನ್ನೂ ಅರೆಬೆಂದಿದೆ!”

“ಇರ್ಲಿ. ನಡಿ ಒಳಗೆ.”

ನಮ್ಮ ಹಿಂದೆಯೇ ನೀರು ಹೊರುವ ಹೆಂಗಸರೂ ಪಾತ್ರೆ ತೊಳೆಯುವ ಅಜ್ಜಿಯೂ ಬಂದರು. ಭಾವ ಹಲ್ಲು ಕಡಿದರು.

“ಏಯ್, ಇಲ್ಲೇನೇ ಕೆಲಸ ನಿಂಗೆ? ನನ್ನ ಮಾನ ತೆಗಿಬೇಡ.”

“ನೀವು ಎತ್ತಿದ ಕೈ ನನ್ನ ಹೊಟ್ಟೆ ಮೇಲೆ ಬಿತ್ತು,” ಅಂದಳು ಅಕ್ಕ. “ಅದನ್ನ ಕೇಳೋಕೆ ಬಂದೆ.”

ಸಾಹೇಬರು ಗಡಿಯಾರ ನೋಡಿ ನಕ್ಕರು. “ನಿಮ್ಮ ಅಭಿಪ್ರಾಯನೂ ಬೇಕಮ್ಮಾ. ಊಟ ಆಗ್ಲಿ, ಆಮೇಲೆ ಮಾತಾಡೋಣ.”

“ಊಟ ಎಲ್ಲಿದೆ ಸಾರ್? ಕಡ್ಡಿ ಮುಟ್ಟಬಾರ್ದು ಅಂದ್ರಲ್ಲ, ಒಲೆ ಆರಿಸಿಬಿಟ್ವಿ,” ಅಂದಳು ಅಕ್ಕ.

ಯಾರೂ ನಗಲಿಲ್ಲ. ಸಾಹೇಬರು ಭಾವನ ಮುಖ ನೋಡಿದರು, ಭಾವ ನೆಲ ನೋಡಿದರು. ಹಿಂದಿನ ಸಾಲಿನಿಂದ ನನ್ನ ಗಂಡ ಎದ್ದು ತನ್ನ ಕುರ್ಚಿಯನ್ನು ಅಜ್ಜಿಯ ಮುಂದೆ ತಂದಿಟ್ಟ.

“ನಾನೂ ಕೈ ಎತ್ತಿದ್ದೆ ಸಾರ್. ಇಳಿಸಿದೀನಿ, ಬರ್ಕೊಳ್ಳಿ.”

ಇನ್ನಿಬ್ಬರು ಎದ್ದರು. ಆಮೇಲೆ ಆ ಸಾಲಿಗೆ ಸಾಲೇ ಎದ್ದಿತು. ಖಾಲಿಯಾದ ಕುರ್ಚಿಗಳಲ್ಲಿ ನಾವು ಮಸಿ ಕೈಯಲ್ಲೇ ಕೂತೆವು.

“ಈಗ ಮೊದಲಿಂದ ಹೇಳಿ ಸಾರ್,” ಅಂದಳು ಅಕ್ಕ. “ಪಾಲುದಾರರು ಈಗ ಬಂದಿದೀವಿ.”